ಎಲೀಟ್ ಡೇಂಜರಸ್‌ನಲ್ಲಿ ದೂರದ ಪಯಣ: ನಾನು ಸಮಯ ಉಳಿಸುವುದು ಹೀಗೆ

ಎಲೀಟ್ ಡೇಂಜರಸ್ ಅನ್ನುವ ಅಂತರಿಕ್ಷ ವಿಡಿಯೋ ಗೇಮ್‌ನಲ್ಲಿ ಫಾಸ್ಟ್ ಟ್ರಾವೆಲ್ ಬಟನ್ ಇಲ್ಲ. ಮ್ಯಾಪ್ ಮೇಲೆ ಒಂದು ಚುಕ್ಕಿ ಒತ್ತಿ ಶಿಪ್ ಸಮೇತ ಅಲ್ಲಿ ಪ್ರತ್ಯಕ್ಷ ಆಗುವ ಹಾಗಿಲ್ಲ. 2014ರಲ್ಲಿ ಬಂದ ಈ ಆಟ ನಮ್ಮ ಆಕಾಶಗಂಗೆಯನ್ನು ನಿಜವಾದ ಅಳತೆಯಲ್ಲೇ ಕಟ್ಟಿದೆ. ಸುಮಾರು 40,000 ಕೋಟಿ ನಕ್ಷತ್ರ ವ್ಯವಸ್ಥೆಗಳಿವೆ. ದೂರ ಅಂದರೆ ದೂರವೇ. ನನಗೆ ಈ ಆಟ ಇಷ್ಟ ಆಗಿದ್ದೇ ಅದಕ್ಕೆ. ಆದರೆ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮುಗಿಸಿ, ಗಿರಿನಗರದ ಮನೆ ಸೇರಿ, ಊಟ ಮಾಡಿ ಕೂತರೆ ಆಡಲು ಸಿಗುವುದು ಒಂದು ಗಂಟೆ. ಆ ಗಂಟೆಯಲ್ಲಿ ಜಾಸ್ತಿ ದೂರ ಹೋಗುವುದು ಹೇಗೆ ಅನ್ನುವುದನ್ನು ನಾನು ತುಂಬ ಆಸೆಯಿಂದ ಕಲಿತಿದ್ದೇನೆ.

ಈಚೆಗೆ ಆಟ ಶುರು ಮಾಡಿದ ಗೆಳೆಯನೊಬ್ಬ ಕೇಳಿದ, "ಮಗಾ, ಕೊಲೋನಿಯಾಗೆ ಹೋಗ್ಬೇಕು. ಯಾವ ಶಿಪ್ ತಗೊಳ್ಳಿ?" ಎಲ್ಲರೂ ಮೊದಲು ಕೇಳುವುದು ಇದನ್ನೇ. "ಶಿಪ್ ಆಮೇಲೆ ನೋಡೋಣ. ಒಂದು ಜಂಪ್ ಮುಗಿದು ಇನ್ನೊಂದು ಶುರುವಾಗೋಕೆ ನಿಂಗೆಷ್ಟು ಹೊತ್ತು ಹಿಡಿಯುತ್ತೆ, ಅದನ್ನ ನೋಡ್ಕೋ" ಅಂದೆ. ಜಂಪ್ ಅಂದರೆ ಒಂದು ನಕ್ಷತ್ರದಿಂದ ಇನ್ನೊಂದಕ್ಕೆ ಒಂದೇ ನೆಗೆತ. ಆಟದಲ್ಲಿ ಮನುಷ್ಯರ ದೂರದ ನೆಲೆಯಾದ ಕೊಲೋನಿಯಾ ಇರುವುದು ಸೂರ್ಯನಿಂದ ಸುಮಾರು 22,000 ಜ್ಯೋತಿರ್ವರ್ಷ ದೂರದಲ್ಲಿ. ಒಂದು ಸಲಕ್ಕೆ 60 ಜ್ಯೋತಿರ್ವರ್ಷ ಹಾರುವ ಶಿಪ್ ಇದ್ದರೂ 370ರ ಹತ್ತಿರ ಜಂಪ್ ಬೇಕು. ಒಂದೊಂದರಲ್ಲಿ 20 ಸೆಕೆಂಡ್ ಉಳಿಸಿದರೆ ಎರಡು ಗಂಟೆ ಉಳಿಯಿತು, ಅಲ್ವಾ?

ಆ 20 ಸೆಕೆಂಡ್ ಸಿಗುವುದು ಇಂಧನ ತುಂಬಿಸುವಾಗ. ಓ, ಬಿ, ಎ, ಎಫ್, ಜಿ, ಕೆ, ಎಂ ವರ್ಗದ ನಕ್ಷತ್ರಗಳಲ್ಲಿ ಮಾತ್ರ ಸ್ಕೂಪ್ ಮಾಡಬಹುದು, ಅಂದರೆ ನಕ್ಷತ್ರದಿಂದಲೇ ಇಂಧನ ಹೀರಿಕೊಳ್ಳಬಹುದು. ಹಾಗಾಗಿ ರೂಟ್ ಹಾಕುವ ಮೊದಲು ಗ್ಯಾಲಕ್ಸಿ ಮ್ಯಾಪ್‌ನಲ್ಲಿ ಬೇರೆ ವರ್ಗಗಳನ್ನು ತೆಗೆದುಹಾಕುತ್ತೇನೆ. ನಕ್ಷತ್ರದ ಮುಂದೆ ನಿಂತು ಟ್ಯಾಂಕ್ ತುಂಬುವವರೆಗೆ ಕಾಯುವವರು ಬಹಳ ಜನ. ನಾನು ನಿಲ್ಲುವುದೇ ಇಲ್ಲ. ಜಂಪ್‌ನಿಂದ ಹೊರಬಂದ ಕೂಡಲೇ ಪಕ್ಕಕ್ಕೆ ತಿರುಗಿ, ನಕ್ಷತ್ರದ ಅಂಚು ಸವರಿಕೊಂಡು ಹೋಗುತ್ತೇನೆ. ತಿರುಗುತ್ತಿರುವಾಗಲೇ ಇಂಧನ ಬರುತ್ತಿರುತ್ತದೆ. ಬಿಸಿ 70 ಪರ್ಸೆಂಟ್ ದಾಟದ ಹಾಗೆ ನೋಡಿಕೊಂಡರೆ ಸಾಕು. ಮುಂದಿನ ಗುರಿ ಎದುರಿಗೆ ಬರುವಷ್ಟರಲ್ಲಿ ಜಂಪ್ ಮಾಡಿಸುವ ಎಂಜಿನ್, ಅಂದರೆ ಫ್ರೇಮ್ ಶಿಫ್ಟ್ ಡ್ರೈವ್, ಮತ್ತೆ ಸಿದ್ಧವಾಗಿರುತ್ತದೆ, ಚಾರ್ಜ್ ಶುರು. ಪ್ರತಿ ಸಲ ಟ್ಯಾಂಕ್ ಪೂರ್ತಿ ತುಂಬಲೇಬೇಕು ಅಂತಿಲ್ಲ. ಭಾರ ಕಡಿಮೆ ಇದ್ದಷ್ಟೂ ಶಿಪ್ ದೂರ ಹಾರುತ್ತದೆ.

ಶಿಪ್ ವಿಷಯ ಚುಟುಕಾಗಿ ಹೇಳುತ್ತೇನೆ. ಫ್ರೇಮ್ ಶಿಫ್ಟ್ ಡ್ರೈವ್ ಮತ್ತು ಫ್ಯೂಯಲ್ ಸ್ಕೂಪ್ ಎ ದರ್ಜೆಯವು, ಉಳಿದದ್ದರಲ್ಲಿ ಬಹುಪಾಲು ಹಗುರವಾದ ಡಿ ದರ್ಜೆಯವು. ಗನ್‌ಗಳು ಬೇಡ. ಡೆಸಿಯಾಟ್‌ನಲ್ಲಿರುವ ಫೆಲಿಸಿಟಿ ಫಾರ್ಸೀರ್ ಅನ್ನುವ ಆಟದೊಳಗಿನ ಎಂಜಿನಿಯರ್ ಹತ್ತಿರ ಡ್ರೈವ್‌ನ ವ್ಯಾಪ್ತಿ ಹೆಚ್ಚಿಸಿಕೊಳ್ಳಿ. ಜಂಪ್ ದೂರ ಹೆಚ್ಚಿಸುವ ಗಾರ್ಡಿಯನ್ ಬೂಸ್ಟರ್ ಅನ್ನುವ ಭಾಗ ಹಾಕಿದರೆ, ದೊಡ್ಡದರಲ್ಲಿ ಇನ್ನೂ 10.5 ಜ್ಯೋತಿರ್ವರ್ಷ ಸೇರುತ್ತದೆ.

ನಿಜವಾದ ಹೆದ್ದಾರಿ ಇರುವುದು ನ್ಯೂಟ್ರಾನ್ ನಕ್ಷತ್ರಗಳಲ್ಲಿ, ಅಂದರೆ ದೊಡ್ಡ ನಕ್ಷತ್ರ ಸತ್ತ ಮೇಲೆ ಉಳಿಯುವ ಪುಟ್ಟ, ಭಾರಿ ತಿರುಳುಗಳಲ್ಲಿ. ಅವುಗಳ ಎರಡು ಧ್ರುವಗಳಿಂದ ಬೆಳಕಿನ ಬಾಲದಂತೆ ಚಿಮ್ಮುವ ಕಿರಣದೊಳಗೆ ಶಿಪ್ ಹೊಕ್ಕರೆ ಮುಂದಿನ ಒಂದು ಜಂಪ್ ನಾಲ್ಕು ಪಟ್ಟು. 60 ಇದ್ದದ್ದು 240. ಇಂಧನ ಮಾತ್ರ ಒಂದೇ ಜಂಪ್‌ನದು. ಅಲ್ಲಿಗೆ ಬಂದ ತಕ್ಷಣ ನಾನು ಥ್ರಾಟಲ್ ಸೊನ್ನೆಗೆ ಇಳಿಸಿ, ಎರಡು ಬಾಲಗಳು ಎತ್ತ ತಿರುಗುತ್ತಿವೆ ಅಂತ ನೋಡುತ್ತೇನೆ. ಆಮೇಲೆ ನಕ್ಷತ್ರದಿಂದ ದೂರ ಇರುವ ತುದಿಯ ಕಡೆ, ಮೂತಿ ಹೊರಗೆ ಮಾಡಿಕೊಂಡೇ, ಮೆಲ್ಲಗೆ ಒಳಗೆ ಜಾರುತ್ತೇನೆ. ಶಿಪ್ ಗಡಗಡ ಅಲುಗಾಡುತ್ತದೆ, ಹಿಡಿತ ತಪ್ಪಿದ ಹಾಗೆ ಅತ್ತಿತ್ತ ಎಳೆಯುತ್ತದೆ. ಆಗ ಗಾಬರಿಯಾಗಿ ಎದುರು ದಿಕ್ಕಿಗೆ ಎಳೆದಾಡಬಾರದು. ಡ್ರೈವ್ ಸೂಪರ್‌ಚಾರ್ಜ್ ಆಯಿತು ಅನ್ನುವ ಸಂದೇಶ ಬಂದ ಕೂಡಲೇ ಥ್ರಾಟಲ್ ಪೂರ್ತಿ ಕೊಟ್ಟು ಹೊರಗೆ. ನಕ್ಷತ್ರಕ್ಕೆ ತೀರಾ ಹತ್ತಿರ ಹೋಗಿ ಕಿರಣದೊಳಗೇ ಸೂಪರ್‌ಕ್ರೂಸ್ (ಒಂದು ನಕ್ಷತ್ರದ ಸುತ್ತಮುತ್ತ ಬೆಳಕಿಗಿಂತ ವೇಗವಾಗಿ ಓಡುವ ಸ್ಥಿತಿ) ತಪ್ಪಿದರೆ ಶಿಪ್ ಉಳಿಯುವುದು ಕಷ್ಟ.

ನ್ಯೂಟ್ರಾನ್ ನಕ್ಷತ್ರ ಅಂದಾಗಲೆಲ್ಲ ನನಗೆ ನೆನಪಾಗುವುದು ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆ. 1972ರಿಂದ 1994ರವರೆಗೆ ಅದರ ನಿರ್ದೇಶಕರಾಗಿದ್ದವರು ವಿ. ರಾಧಾಕೃಷ್ಣನ್, ಸಿ.ವಿ. ರಾಮನ್ ಅವರ ಮಗ. ವೀಲಾ ಪಲ್ಸಾರ್ ಅನ್ನುವ ನ್ಯೂಟ್ರಾನ್ ನಕ್ಷತ್ರದ ರೇಡಿಯೋ ಅಲೆಗಳನ್ನು ನೋಡಿ, ಅವು ಹೊರಡುವುದು ಕಾಂತಧ್ರುವದ ಕಡೆಯಿಂದ ಅಂತ 1969ರಲ್ಲಿ ವಾದಿಸಿದವರಲ್ಲಿ ಅವರೊಬ್ಬರು. ಕಿರಣದಿಂದ ಡ್ರೈವ್ ಚಾರ್ಜ್ ಆಗುವುದು ಆಟದ ಕಲ್ಪನೆ. ಬರೀ 20 ಕಿ.ಮೀ. ಅಗಲದ ನಕ್ಷತ್ರ ಸುತ್ತುತ್ತಾ ಎರಡು ಕಡೆ ಕಿರಣ ಬೀಸುವುದು ಕಲ್ಪನೆಯಲ್ಲ. ಅದರ ಗುಟ್ಟು ಬಿಡಿಸಿದವರೊಬ್ಬರು ನಮ್ಮೂರಲ್ಲೇ ಇದ್ದರು ಅಂತ ತಿಳಿದ ಮೇಲೆ ಆ ಜಂಪ್‌ಗಳು ನನಗೆ ಇನ್ನೂ ಹೆಚ್ಚು ಇಷ್ಟ.

ಒಂದೊಂದು ಚಾರ್ಜ್‌ಗೂ ಡ್ರೈವ್ 1 ಪರ್ಸೆಂಟ್ ಸವೆಯುತ್ತದೆ. ಅದಕ್ಕೆ ರಿಪೇರಿ ಯೂನಿಟ್ ಒಯ್ಯಲೇಬೇಕು. ಡ್ರೈವ್‌ನ ಸ್ಥಿತಿ 90 ಪರ್ಸೆಂಟ್ ಹತ್ತಿರ ಬಂದಾಗ ಸೂಪರ್‌ಕ್ರೂಸ್‌ನಿಂದ ಇಳಿದು ಸರಿಮಾಡಿಕೊಳ್ಳುತ್ತೇನೆ. ನ್ಯೂಟ್ರಾನ್ ನಕ್ಷತ್ರದಲ್ಲಿ ಸ್ಕೂಪ್ ಆಗುವುದಿಲ್ಲ, ಹಾಗಾಗಿ ನಡುನಡುವೆ ಮಾಮೂಲಿ ನಕ್ಷತ್ರಕ್ಕೆ ಹೋಗಬೇಕು. ರೂಟ್ ಹಾಕಲು ನಾನು ಸ್ಪ್ಯಾನ್ಶ್ ಅನ್ನುವ ವೆಬ್‌ಸೈಟ್ ಬಳಸುತ್ತೇನೆ. ಇಂಧನ ಖಾಲಿಯಾಗಿ ಆಮ್ಲಜನಕದ ಎಣಿಕೆ ಶುರುವಾದರೆ ತಕ್ಷಣ ಮೇನ್ ಮೆನುಗೆ ಹೋಗಿ ಫ್ಯೂಯಲ್ ರ‍್ಯಾಟ್ಸ್‌ಗೆ ಹೇಳಿ. ದುಡ್ಡು ಕೇಳದೆ ಬಂದು ಇಂಧನ ಕೊಡುವ ಆಟಗಾರರು ಅವರು. ಇನ್ನು ಶ್ವೇತಕುಬ್ಜ ಅನ್ನುವ ಇನ್ನೊಂದು ಬಗೆಯ ಸತ್ತ ನಕ್ಷತ್ರಗಳಲ್ಲಿ ಸಿಗುವುದು ಒಂದೂವರೆ ಪಟ್ಟು ಮಾತ್ರ, ಅಪಾಯ ಜಾಸ್ತಿ. ನಾನು ಅವುಗಳ ತಂಟೆಗೇ ಹೋಗುವುದಿಲ್ಲ.

ಕೊನೆಗೆ ಸ್ಟೇಷನ್ ತಲುಪುವಾಗ ತುಂಬ ಜನ ಸಮಯ ಕಳೆಯುತ್ತಾರೆ. ಗ್ರಹಗಳ ಗುರುತ್ವ ಸೂಪರ್‌ಕ್ರೂಸ್‌ನ ವೇಗ ಕುಗ್ಗಿಸುತ್ತದೆ. ನೇರ ದಾರಿಯಲ್ಲಿ ಗ್ರಹ, ಉಪಗ್ರಹ ಇದ್ದರೆ ಅದು ಸಂಜೆ ಆರಕ್ಕೆ ಸಿಲ್ಕ್ ಬೋರ್ಡ್ ದಾಟಿದ ಹಾಗೆ. ನೈಸ್ ರೋಡ್ ಹಿಡಿದಂತೆ ಮೇಲಿಂದ ಬಾಗಿ ಬಂದರೆ ದೂರ ಹೆಚ್ಚು, ಹೊತ್ತು ಕಡಿಮೆ. ತಲುಪಲು 7 ಸೆಕೆಂಡ್ ಅಂತ ತೋರಿಸಿದಾಗ ಥ್ರಾಟಲ್ 75 ಪರ್ಸೆಂಟ್‌ಗೆ ತಂದು ಅಲ್ಲೇ ಬಿಡಿ. ಇದಕ್ಕೊಂದು ಕೀ ಇಟ್ಟುಕೊಳ್ಳಿ. ಆಲ್ಫಾ ಸೆಂಟಾರಿಯ ಹಟನ್ ಆರ್ಬಿಟಲ್‌ನಂಥ, ಜಂಪ್‌ನಿಂದ ಹೊರಬಂದ ಜಾಗದಿಂದ 0.22 ಜ್ಯೋತಿರ್ವರ್ಷ ದೂರದ ಸ್ಟೇಷನ್‌ಗೆ ಮಾಮೂಲಿ ಡ್ರೈವ್‌ನಲ್ಲಿ ಗಂಟೆಗೂ ಜಾಸ್ತಿ ಹಿಡಿಯುತ್ತದೆ. 2024ರಲ್ಲಿ ಬಂದ ಓವರ್‌ಚಾರ್ಜ್ ಡ್ರೈವ್ ಇದ್ದರೆ ಬೇಗ ಆಗುತ್ತದೆ, ಆದರೆ ಇಂಧನ ಕುಡಿಯುತ್ತದೆ, ಬಿಸಿಯೂ ಏರುತ್ತದೆ.

ಈಗ ನನ್ನ ಕಣ್ಣಿರುವುದು ಆಕಾಶಗಂಗೆಯ ಆಚೆ ಅಂಚಿನ ಬೀಗಲ್ ಪಾಯಿಂಟ್ ಮೇಲೆ, ಸುಮಾರು 65,000 ಜ್ಯೋತಿರ್ವರ್ಷ ಆಚೆ. ಆ ಅಂಚಿನಲ್ಲಿ ನಕ್ಷತ್ರಗಳೇ ವಿರಳ. ಅಲ್ಲಿ ಬೇಕಾಗುವುದು ಡ್ರೈವ್ ಇಂಜೆಕ್ಷನ್: ಕೂಡಿಟ್ಟ ಧಾತುಗಳನ್ನು ಖರ್ಚು ಮಾಡಿದರೆ ಒಂದು ಜಂಪ್‌ನ ದೂರ 25, 50 ಅಥವಾ 100 ಪರ್ಸೆಂಟ್ ಹೆಚ್ಚುತ್ತದೆ. 100ರದ್ದಕ್ಕೆ ಪೊಲೋನಿಯಂ, ಇಟ್ರಿಯಂ ಬೇಕು. ಅದಕ್ಕೇ ಈ ವಾರ ಜಂಪ್ ಬಿಟ್ಟು, ಗ್ರಹಗಳ ಮೇಲೆ ಇಳಿದು ಅವನ್ನು ಕೂಡಿಡುತ್ತಿದ್ದೇನೆ.