ಮುಗಿಯದ ವಿಮಾನದಾಟದ ಡೆಮೊ ಬಿಡುವುದು ಹೇಗೆ: ಕೊಡಗಿನ ನೆಲದ ಮೇಲೆ ಒಂದು ಹಾರಾಟ

ಡೆಮೊಗೆ ಇಡೀ ಜಿಲ್ಲೆ ಬೇಡ. ಕುಶಾಲನಗರದ ಬಯಲಿನಿಂದ ಏರಿ, ಹಾರಂಗಿ ಹಿನ್ನೀರಿನ ಮೇಲೆ ಹಾದು, ಮಡಿಕೇರಿಗೆ ಒಂದು ಸುತ್ತು ಹಾಕಿ ವಾಪಸ್ ಇಳಿಯುವ ಒಂದೇ ಹಾರಾಟವನ್ನು ಪೂರ್ತಿ ಮಾಡಿ. ನೇರ ದೂರ 25 ಕಿ.ಮೀ. ಆಸುಪಾಸು. ಗಂಟೆಗೆ 180 ಕಿ.ಮೀ. ಹೋಗುವ ಸಣ್ಣ ವಿಮಾನಕ್ಕೆ ಹೋಗಿಬರಲು ಇಪ್ಪತ್ತು ನಿಮಿಷ. ಆ ಇಪ್ಪತ್ತು ನಿಮಿಷದಲ್ಲಿ ಏನೂ ಕೆಡಬಾರದು. ಇನ್ನೂ ಆಗದಿರುವ ಭಾಗಗಳು ಮೆನುವಿನಲ್ಲೇ ಕಾಣದಿರಲಿ. ಒತ್ತಿದರೂ ಏನೂ ಆಗದ ಬಟನ್ ಕಂಡವರು ಆಟವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೊಡಗಿನಲ್ಲಿ ವಿಮಾನ ನಿಲ್ದಾಣ ಇಲ್ಲ, ಹಾಗಾಗಿ ರನ್‌ವೇ ಕಲ್ಪಿತ ಎಂದು ಮೊದಲ ಪರದೆಯಲ್ಲೇ ಬರೆದುಬಿಡಿ.

ನೆಲದ ಎತ್ತರಕ್ಕೆ ನಾಸಾದ ಎಸ್‌ಆರ್‌ಟಿಎಂ ಡೇಟಾ (ಬಾಹ್ಯಾಕಾಶದಿಂದ ರೇಡಾರ್ ಮೂಲಕ ಅಳೆದ ಎತ್ತರಗಳು) ಉಚಿತವಾಗಿ ಸಿಗುತ್ತದೆ. ಈ ಹಾದಿಯ ಬಹುಪಾಲು ಎನ್12ಇ075 ಎಂಬ ಒಂದೇ ಫೈಲಿನಲ್ಲಿದೆ: 3,601 ಸಾಲು, ಸಾಲಿಗೆ 3,601 ಬಿಂದು, ಬಿಂದುಗಳ ನಡುವೆ ಸುಮಾರು 30 ಮೀಟರ್. ಆದರೆ ಕುಶಾಲನಗರ ಈ ಫೈಲಿನ ಪೂರ್ವದ ಅಂಚಿಗೆ ತೀರಾ ಹತ್ತಿರ, ನಾಲ್ಕೈದು ಕಿ.ಮೀ. ಅಷ್ಟೇ. ಪೂರ್ವದಿಂದ ಇಳಿಯಲು ಬರುವವರಿಗೆ ಕೆಳಗೆ ನೆಲವೇ ಇರುವುದಿಲ್ಲ. ಪೂರ್ವಕ್ಕೆ ತಾಗಿದ ಫೈಲು ಎನ್12ಇ076 ಕೂಡ ಸೇರಿಸಿಕೊಳ್ಳಿ. ಎರಡರಲ್ಲೂ ಅಂಚಿನ ಕಂಬಸಾಲು ಒಂದೇ. ಒಂದನ್ನು ತೆಗೆಯದಿದ್ದರೆ ನೆಲದಲ್ಲಿ ಉದ್ದಕ್ಕೂ ಹೊಲಿಗೆಯಂತೆ ಗೆರೆ ಬೀಳುತ್ತದೆ.

ಫೈಲಿನಲ್ಲಿ ಪ್ರತಿ ಎತ್ತರವೂ ಎರಡು ಬೈಟ್, ದೊಡ್ಡ ಬೈಟ್ ಮೊದಲು. ತಿರುಗಾಮುರುಗಾ ಓದಿದರೆ ಬೆಟ್ಟಗಳು ಮುಳ್ಳಿನ ಹಾಗೆ ಎದ್ದು ನಿಲ್ಲುತ್ತವೆ. ಅಳತೆ ಸಿಗದ ಜಾಗದಲ್ಲಿ −32768 ಇರುತ್ತದೆ. ಅದನ್ನು ಅಕ್ಕಪಕ್ಕದ ಬಿಂದುಗಳ ಸರಾಸರಿಯಿಂದ ತುಂಬದಿದ್ದರೆ ತಳವಿಲ್ಲದ ಗುಂಡಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳಿನ ತುದಿ 1,748 ಮೀಟರ್‌ಗೆ ಹತ್ತಿರ ಬಂದರೆ ಓದಿದ್ದು ಸರಿಯಾಗಿದೆ.

ನೆಲದ ಮೇಲೆ ಹೊದಿಸುವ ಚಿತ್ರಕ್ಕೆ ಗೂಗಲ್‌ನ ಉಪಗ್ರಹ ಚಿತ್ರಗಳನ್ನು ತುಂಬಿ ಹಂಚುವಂತಿಲ್ಲ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ 10 ಮೀಟರ್ ಚಿತ್ರಗಳನ್ನು ಮೂಲ ನಮೂದಿಸಿ ಬಳಸಬಹುದು. ಜನವರಿ, ಫೆಬ್ರವರಿಯವನ್ನೇ ಆರಿಸಿ, ಮಳೆಗಾಲದವು ಬರೀ ಮೋಡ. ದೂರದ ನೆಲ ಮುಗಿಯುವ ಅಂಚನ್ನು 8 ಕಿ.ಮೀ.ನಿಂದ ಶುರುವಾಗಿ 15ಕ್ಕೆ ಪೂರ್ತಿ ಮುಚ್ಚುವ ಮಂಜಿನಿಂದ ಮರೆಮಾಡಿ. ಕೊಡಗಿಗೆ ಅದು ಸಹಜವಾಗಿಯೇ ಒಪ್ಪುತ್ತದೆ.

ಬಿಡುವ ಮುಂಚೆ ಖಂಡಿತ ಸರಿಮಾಡಬೇಕಾದ ದೋಷ ಇದು: ಕುಶಾಲನಗರದಲ್ಲಿ ಸ್ಥಿರವಾಗಿದ್ದ ಕಾಕ್‌ಪಿಟ್‌ನ ಮಾಪಕಗಳ ಮುಳ್ಳುಗಳು ಮಡಿಕೇರಿ ಮೇಲೆ ಬರುವಷ್ಟರಲ್ಲಿ ನಡುಗತೊಡಗುತ್ತವೆ. 32 ಬಿಟ್ ದಶಮಾಂಶ ಸಂಖ್ಯೆಗೆ ಮೂಲಬಿಂದುವಿನಿಂದ 25 ಕಿ.ಮೀ. ದೂರದಲ್ಲಿ 2 ಮಿ.ಮೀ.ಗಿಂತ ಸಣ್ಣ ವ್ಯತ್ಯಾಸ ಹಿಡಿಯಲಾಗದು. ಕಣ್ಣಿನ ಹತ್ತಿರವೇ ಇರುವ ಮುಳ್ಳಿಗೆ ಅಷ್ಟೇ ಸಾಕು. ವಿಮಾನ 5 ಕಿ.ಮೀ. ದಾಟಿದಾಗಲೆಲ್ಲ ಇಡೀ ಲೋಕವನ್ನು ಹಿಂದಕ್ಕೆ ಸರಿಸಿ ವಿಮಾನವನ್ನು ಸೊನ್ನೆಗೆ ತನ್ನಿ. ಹಿಂದಿನ ಫ್ರೇಮಿನ ಸ್ಥಾನವನ್ನೂ ಜೊತೆಗೇ ಸರಿಸಬೇಕು. ಮರೆತರೆ ಒಂದೇ ಫ್ರೇಮಿನಲ್ಲಿ 5 ಕಿ.ಮೀ. ಹಾರಿದಂತೆ ಲೆಕ್ಕವಾಗಿ ವಿಮಾನ ಚೂರಾಗುತ್ತದೆ.

ಚಕ್ರದ ಸ್ಪ್ರಿಂಗಿನ ಲೆಕ್ಕವನ್ನು ಸೆಕೆಂಡಿಗೆ 120 ಸಲ, ಪರದೆಯ ವೇಗ ಏನೇ ಇರಲಿ, ಸ್ಥಿರವಾಗಿ ಮಾಡಿಸಿ. ಇಲ್ಲದಿದ್ದರೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ನೆಲ ಮುಟ್ಟಿದ ವಿಮಾನ ಚೆಂಡಿನಂತೆ ಪುಟಿಯುತ್ತದೆ. ಗಾಳಿಯ ಸಾಂದ್ರತೆಯನ್ನು ಸಮುದ್ರಮಟ್ಟದ 1.225ಕ್ಕೇ (ಘನ ಮೀಟರ್‌ಗೆ ಕೆ.ಜಿ.) ಬಿಡಬೇಡಿ, ಮಾನಕ ವಾತಾವರಣದಲ್ಲಿ ಮಡಿಕೇರಿಯ ಎತ್ತರಕ್ಕೆ ಅದು ಸುಮಾರು 1.10.

ಜಾಯ್‌ಸ್ಟಿಕ್ ಇಲ್ಲದವರೇ ಹೆಚ್ಚು, ಕೀಬೋರ್ಡಿನಲ್ಲೇ ಪೂರ್ತಿ ಹಾರಿಸಲು ಬರಬೇಕು. ಜಾಯ್‌ಸ್ಟಿಕ್ ಇದ್ದವರಿಗೆ ಬೇರೆ ತೊಂದರೆ: ಥ್ರಾಟಲ್ ಅನ್ನು (ಎಂಜಿನ್ ಶಕ್ತಿಯ ಹಿಡಿಯನ್ನು) ಅಲುಗಿಸುವ ತನಕ ಎಷ್ಟೋ ಸಾಧನಗಳು ಸೊನ್ನೆ ಎನ್ನುತ್ತವೆ. −1ರಿಂದ 1ರ ಅಳತೆಯಲ್ಲಿ ಸೊನ್ನೆ ಎಂದರೆ ಅರ್ಧ ಎಂಜಿನ್, ಆಟ ತೆರೆದ ಕ್ಷಣವೇ ವಿಮಾನ ಓಡುತ್ತದೆ. ಮೊದಲ ಅಲುಗಾಟದವರೆಗೆ ಥ್ರಾಟಲ್ ಮುಚ್ಚಿಡಿ.

ಆಟ ಕಟ್ಟುವ ತಂತ್ರಾಂಶ ಗೋಡೋದಲ್ಲಿ ಕಟ್ಟಿದ್ದರೆ ಎಕ್ಸಿ ಜೊತೆ, ಆಟದ ಚಿತ್ರ, ದೃಶ್ಯಗಳೆಲ್ಲ ಇರುವ ಪಿಸಿಕೆ ಫೈಲನ್ನೂ ಜಿಪ್ ಮಾಡಿ, ಇಲ್ಲವೇ ಅದನ್ನು ಎಕ್ಸಿಯೊಳಗೇ ಸೇರಿಸಿ. ಬರೀ ಎಕ್ಸಿ ಕಳಿಸಿದರೆ ಆಟ ತೆರೆಯುವುದಿಲ್ಲ. ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಇಲ್ಲದ ಯಂತ್ರಗಳಿಗೆ ಗೋಡೋದ ಕಂಪ್ಯಾಟಿಬಿಲಿಟಿ ರೆಂಡರರ್ ಬೇಕು. ಗೋಡೋ ಹಾಕಿರದ ಬೇರೊಂದು ಕಂಪ್ಯೂಟರಿನಲ್ಲಿ, ಜಿಪ್ ಬಿಚ್ಚುವುದರಿಂದ ಇಳಿಯುವವರೆಗೆ ಒಮ್ಮೆ ಪೂರ್ತಿ ಆಡಿನೋಡಿ. ಡಿಜಿಟಲ್ ಸಹಿ ಇಲ್ಲದ ಎಕ್ಸಿಗೆ ವಿಂಡೋಸ್ ನೀಲಿ ಎಚ್ಚರಿಕೆ ತೋರಿಸಬಹುದು. ಅದರ ಬಗ್ಗೆ ಡೌನ್‌ಲೋಡ್ ಲಿಂಕಿನ ಪಕ್ಕದಲ್ಲೇ ತಿಳಿಸಿ.

ಮೊದಲು ಆಟಗಳನ್ನು ಹಂಚುವ ತಾಣ ಇಚ್ ಡಾಟ್ ಐಒದಲ್ಲಿ ಬಿಡಿ, ಅಲ್ಲಿ ಶುಲ್ಕವಿಲ್ಲ. ಸ್ಟೀಮ್‌ಗೆ ಆಟವೊಂದಕ್ಕೆ 100 ಡಾಲರ್ ಕಟ್ಟಬೇಕು, ಅಲ್ಲಿನ ಡೆಮೊಗಳ ಉತ್ಸವ ನೆಕ್ಸ್ಟ್ ಫೆಸ್ಟ್‌ನಲ್ಲಿ ಒಂದು ಆಟಕ್ಕೆ ಒಂದೇ ಅವಕಾಶ. ಒರಟು ಡೆಮೊಗೆ ಅದನ್ನು ಖರ್ಚು ಮಾಡಬೇಡಿ.

ಆವೃತ್ತಿ ಸಂಖ್ಯೆ ಪರದೆಯ ಮೂಲೆಯಲ್ಲಿ ಸದಾ ಕಾಣಲಿ. ಒಂದು ಕೀ ಒತ್ತಿದರೆ ಆವೃತ್ತಿ, ಸ್ಥಾನ, ಎತ್ತರ, ವೇಗ ನಾಲ್ಕೂ ಕಾಪಿ ಆಗಬೇಕು, ‘ಎಲ್ಲೋ ಬಿದ್ದುಹೋಯಿತು’ ಎಂಬ ದೂರಿನಿಂದ ಏನನ್ನೂ ಸರಿಮಾಡಲಾಗದು. ಡೌನ್‌ಲೋಡ್ ಪುಟದಲ್ಲಿ ‘ಇನ್ನೂ ಇಲ್ಲ’ ಮತ್ತು ‘ಇದೆ, ಸರಿಯಿಲ್ಲ’ ಎಂದು ಎರಡು ಪಟ್ಟಿ ಬೇರೆಬೇರೆ ಕೊಡಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡುವುದಾದರೆ ಕರೆಂಟ್ ಹೋಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. 300 ಎಂಬಿ ಜಿಪ್ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಅಪ್‌ಲೋಡ್ ಆಗಲು ಇಪ್ಪತ್ತು ನಿಮಿಷ ಹಿಡಿಯುತ್ತದೆ. ರೂಟರ್‌ಗೂ ಯುಪಿಎಸ್ ಇರಲಿ. ಇಚ್‌ನ ಅಪ್‌ಲೋಡ್ ಸಾಧನ ಬಟ್ಲರ್ ಅನ್ನು ಮೊದಲ ಸಲದಿಂದಲೇ ಬಳಸಿದರೆ ಎರಡನೇ ಸಲದಿಂದ ಬದಲಾದ ಭಾಗ ಮಾತ್ರ ಹೋಗುತ್ತದೆ.