ಎರಡು ಪ್ಲೇಟ್ ಜಾಸ್ತಿ ಹಾಕಿಸಿ ಪಟ್ಟ ಪಾಡು

ನನ್ನ ಪಿಕಪ್ ಕೋಲಾರದ ಎಪಿಎಂಸಿಗೆ ಟೊಮ್ಯಾಟೊ ಹೊಡೆಯುವ ಗಾಡಿ. ಬಾಕ್ಸಿಗೆ 15 ಕೆಜಿ, 80 ಬಾಕ್ಸ್ ಅಂದರೆ 1,200 ಕೆಜಿ. ಹೊತ್ತು ಹೊತ್ತು ಹಿಂದಿನ ಕಮಾನು ಪ್ಲೇಟುಗಳು (ಭಾರ ಹೊರುವ ಲೀಫ್ ಸ್ಪ್ರಿಂಗ್) ಚಪ್ಪಟೆಯಾಗಿ ಎಡಗಡೆ ಕುಸಿದಿತ್ತು. ಕಮಾನು ಎತ್ತಿಸಲು ಕೊಟ್ಟೆ, ಜೊತೆಗೆ ಇರಲಿ ಅಂತ ಎರಡೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದೆ.

ಹಾಯೋಕೆ ನಿಂತ ಟಗರಿನ ಹಾಗೆ ಆಯ್ತು ಗಾಡಿ. ಹಿಂದೆ ಎತ್ತರ, ಮೂತಿ ಕೆಳಗೆ. ಖಾಲಿ ಓಡಿಸಿದರೆ ಸೊಂಟ ಮುರಿಯುವಷ್ಟು ಕುಣಿತ, ಫಸ್ಟ್ ಗೇರಿನಲ್ಲಿ ಎತ್ತಿದರೆ ಎಂಜಿನ್ ಶಕ್ತಿಯನ್ನು ಹಿಂದಿನ ಚಕ್ರಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ನಡುಕ.

ಚಕ್ರದ ಮಧ್ಯದಿಂದ ಮೇಲೆ ಬಾಡಿ ಅಂಚಿನವರೆಗೆ ಟೇಪ್ ಹಿಡಿದೆ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಹೆಚ್ಚುಕಮ್ಮಿ ಇದ್ದರೆ ಲೆಕ್ಕ ತಪ್ಪುತ್ತೆ. ಮೊದಲು ಎಡಕ್ಕೆ 47 ಸೆಂ.ಮೀ., ಬಲಕ್ಕೆ 49 ಇತ್ತು. ಈಗ ಎರಡೂ ಕಡೆ 55! ಜಾಸ್ತಿ ಪ್ಲೇಟ್ ತೆಗೆಸಿ, ಪ್ಲೇಟುಗಳನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಹೊಸದು ಹಾಕಿಸಿದ ಮೇಲೆ 52ಕ್ಕೆ ಬಂತು.

ಆಮೇಲೆ ಹೊಳೆಯಿತು, ಪ್ಲೇಟಿನ ಎರಡೂ ತುದಿಯ ಬೋಲ್ಟುಗಳನ್ನು ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿ ಮಾಡಿದ್ದರು. ಹಾಗೆ ಮಾಡಿದರೆ ಒಳಗಿನ ರಬ್ಬರ್ ಬುಷ್ ಅದೇ ಭಂಗಿಯಲ್ಲಿ ಹಿಡಿದುಕೊಳ್ಳುತ್ತೆ. ಗಾಡಿ ಇಳಿದಾಗ ಅದು ತಿರುಚಿಕೊಂಡು ಮೇಲಕ್ಕೆ ತಳ್ಳುತ್ತೆ, ಬೇಗ ಹರಿದೂ ಹೋಗುತ್ತೆ. ಜ್ಯಾಕ್ ಹಾಕಿ, ಚಾಸಿಗೆ ಸ್ಟ್ಯಾಂಡ್ ಕೊಟ್ಟು ನಾಲ್ಕೂ ಬೋಲ್ಟ್ ಸಡಿಲ ಮಾಡಿದೆ. ಬೋಲ್ಟ್ ತುಂಬಾ ಸಡಿಲ ಬೇಡ, ಬುಷ್ ತಿರುಗುವಷ್ಟು ಸಾಕು. ಗಾಡಿ ನೆಲಕ್ಕೆ ಇಳಿಸಿ, ಹಿಂದೆ ಹತ್ತಿ ಮಗನೂ ನಾನೂ ನಾಲ್ಕು ಸಲ ಕುಣಿದು, ಭಾರ ಚಕ್ರದ ಮೇಲೆ ಇರುವಾಗಲೇ ಬಿಗಿ ಮಾಡಿದೆವು. 51. ಒಂದು ಸೆಂಟಿಮೀಟರ್ ಪುಕ್ಕಟೆ ಸಿಕ್ಕಿತು, ಶಾಫ್ಟಿನ ನಡುಕವೂ ನಿಂತಿತು.

ಬ್ರೇಕ್ ಮಾತ್ರ ಮರೆತಿದ್ದೆ. ಹಿಂದಿನ ಆಕ್ಸಲ್‌ನಿಂದ ಒಂದು ಕಡ್ಡಿ ಚಾಸಿಯಲ್ಲಿರುವ ಎಲ್‌ಎಸ್‌ಪಿವಿ ವಾಲ್ವಿಗೆ ಹೋಗುತ್ತೆ ನೋಡಿ, ಬಾಡಿ ಎಷ್ಟು ಇಳಿದಿದೆ ಅನ್ನುವುದರ ಮೇಲೆ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತೆ. ನಾವು ಹಿಂದೆ ಎತ್ತಿದೆವು ಅಂದರೆ, ಲೋಡ್ ತುಂಬಿದ್ದರೂ ಅದು ಗಾಡಿ ಖಾಲಿ ಅಂತಲೇ ತಿಳಿಯುತ್ತೆ. ಇಳಿಜಾರಿನಲ್ಲಿ ಮುಂದಿನ ಬ್ರೇಕ್ ಒಂದೇ ಒದ್ದಾಡುವುದು ನನಗೆ ಕಾಲಿಗೇ ಗೊತ್ತಾಯ್ತು. ಇದನ್ನು ಮಾತ್ರ ನಾನು ಮುಟ್ಟಲಿಲ್ಲ, ಬ್ರೇಕ್ ಕೆಲಸ ಬಲ್ಲವರ ಹತ್ತಿರ ಮ್ಯಾನುಯಲ್ ಅಳತೆಗೆ ಸೆಟ್ ಮಾಡಿಸಿದೆ.

ಕೆಳಗೆ ಬಿದ್ದಿದ್ದ ಹೆಡ್‌ಲೈಟನ್ನೂ ಗೋಡೆ ಮುಂದೆ ನಿಲ್ಲಿಸಿ ಎತ್ತಿಕೊಂಡೆ. 500 ಕಿ.ಮೀ. ಓಡಿದ ಮೇಲೆ ಯು ಬೋಲ್ಟ್ ನೋಡಿದರೆ ಸ್ಪ್ಯಾನರಿಗೆ ಇನ್ನೂ ಅರ್ಧ ಸುತ್ತು ಸಿಕ್ಕಿತು. ಜಾಸ್ತಿ ಪ್ಲೇಟುಗಳು ಈಗ ಹಸುವಿನ ಕೊಟ್ಟಿಗೆಯಲ್ಲಿ ಟಾರ್ಪಾಲ್ ಹಾರದಂತೆ ಕೂತಿವೆ.