ಸಾಂಚಿ ನೋಡುವುದು ಹೇಗೆ? ಕಲ್ಲಿನ ಬೇಲಿಯಿಂದಲೇ ಶುರು ಮಾಡಿ

ಮಧ್ಯಪ್ರದೇಶದ ಬೌದ್ಧ ಕ್ಷೇತ್ರ ಸಾಂಚಿಗೆ ಹೋದವರಲ್ಲಿ ಬಹಳ ಜನ ಒಂದೇ ಗಂಟೆಯಲ್ಲಿ ಬೆಟ್ಟ ಇಳಿದುಬಿಡುತ್ತಾರೆ. ದೊಡ್ಡ ಸ್ತೂಪದ (ಅರ್ಧಗೋಳದಂಥ ಬೌದ್ಧ ಸ್ಮಾರಕ) ಮುಂದೆ ಫೋಟೊ, ಒಂದು ಸುತ್ತು, ಮುಗೀತು. ಅಷ್ಟು ದೂರ ಹೋಗಿ ಹಾಗೆ ಮಾಡಬೇಡಿ. ಅರ್ಧ ದಿನವಾದರೂ ಇಟ್ಟುಕೊಳ್ಳಿ.

ತಲುಪೋದು ಕಷ್ಟವಿಲ್ಲ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಭೋಪಾಲ್ ಮೇಲೇ ಹೋಗುತ್ತದೆ. ಅಲ್ಲಿಂದ ಸಾಂಚಿ ಸುಮಾರು 45 ಕಿಲೋಮೀಟರ್. ಶುಕ್ರವಾರ ಬೇಡ, ಅವತ್ತು ಬೆಟ್ಟದ ಬುಡದ ಮ್ಯೂಸಿಯಂಗೆ ರಜೆ. ಬೆಳಿಗ್ಗೆ ಬೇಗ ಹತ್ತಿ, ನೀರು ಮತ್ತು ಟೋಪಿ ಜೊತೆಗಿರಲಿ.

ಮೇಲೆ ಹೋದ ತಕ್ಷಣ ತೋರಣಗಳು, ಅಂದರೆ ಕೆತ್ತನೆ ತುಂಬಿದ ಕಲ್ಲಿನ ಹೆಬ್ಬಾಗಿಲುಗಳು, ಕಣ್ಣು ಸೆಳೆಯುತ್ತವೆ. ಸ್ವಲ್ಪ ತಡೆಯಿರಿ. ಮೊದಲು ಸ್ತೂಪದ ಸುತ್ತ ಇರುವ ಕಲ್ಲಿನ ಬೇಲಿಯ ಹತ್ತಿರ ಹೋಗಿ, ಕಂಬ ಮತ್ತು ಅಡ್ಡಪಟ್ಟಿಗಳ ಮೇಲೆ ಕೆತ್ತಿರುವ ಪುಟ್ಟ ಅಕ್ಷರಗಳನ್ನು ನೋಡಿ. ಇದು ಬ್ರಾಹ್ಮಿ, ನಮ್ಮ ಕನ್ನಡ ಲಿಪಿಯ ಮೂಲ. ಸಾಲಿನ ಕೊನೆಗೆ ಹೋದರೆ ನೆಲದ ಮೇಲೆ ಕಡ್ಡಿ ನೆಟ್ಟ ಹಾಗಿರುವ ಒಂದು ಅಕ್ಷರ, ಪಕ್ಕದಲ್ಲಿ ಒಂದು ಚುಕ್ಕೆ ಕಾಣುತ್ತದೆ. ಅದು ‘ನಂ’. ಅದರ ಹಿಂದಿನದು ‘ದಾ’. ಎರಡೂ ಸೇರಿದರೆ ‘ದಾನಂ’. ಆ ಚುಕ್ಕೆಯೇ ಇವತ್ತಿನ ನಮ್ಮ ಅನುಸ್ವಾರದ ಸೊನ್ನೆ (ಂ)! 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್‌ಗೆ, ಯಾರಿಗೂ ಓದಲು ಬಾರದಾಗಿದ್ದ ಬ್ರಾಹ್ಮಿಯ ಗುಟ್ಟು ಬಿಟ್ಟುಕೊಟ್ಟಿದ್ದು ಸಾಂಚಿಯ ಸಾಲುಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಇದೇ ಪದ. ದಾನ ಕೊಟ್ಟವರು ಯಾರು ಅಂತೀರಾ? ಭಿಕ್ಷುಣಿಯರು, ವರ್ತಕರು, ಗೃಹಿಣಿಯರು, ಒಬ್ಬ ನೇಕಾರ. ಅಶೋಕ ಕಟ್ಟಿಸಿದ್ದು ಒಳಗಿರುವ ಚಿಕ್ಕ ಇಟ್ಟಿಗೆಯ ಸ್ತೂಪ. ಹೊರಗಿನ ಈ ಬೇಲಿ ಆಮೇಲಿನದು, ಇಂಥ ಸಾಮಾನ್ಯ ಜನರ ಕಾಸಿನಿಂದ ಎದ್ದು ನಿಂತಿದ್ದು. ನನಗೆ ಇಡೀ ಬೆಟ್ಟದಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ಈಗ ಸ್ತೂಪ ಬಲಗಡೆ ಇರುವಂತೆ ಪ್ರದಕ್ಷಿಣೆ ಹೊರಡಿ. ಪೂರ್ವದ ತೋರಣಕ್ಕೆ ಬೆಳಗಿನ ಬಿಸಿಲು ನೇರ ಬೀಳುತ್ತದೆ. ಅದರ ನಡುವಿನ ತೊಲೆಯಲ್ಲಿ ಸಿದ್ಧಾರ್ಥ ಮನೆ ಬಿಟ್ಟು ಹೊರಟ ಕಥೆ ಇದೆ, ಆದರೆ ಸಿದ್ಧಾರ್ಥನೇ ಇಲ್ಲ. ಎಡದಿಂದ ಬಲಕ್ಕೆ ಒಂದೇ ಕುದುರೆ ಮತ್ತೆ ಮತ್ತೆ ಬರುತ್ತದೆ, ಬರಿದಾದ ಬೆನ್ನಿನ ಮೇಲೆ ಕೊಡೆ ಹಿಡಿದಿರುತ್ತಾರೆ. ಬಲ ತುದಿಯಲ್ಲಿ ಎರಡು ಪಾದದ ಗುರುತು, ಅದಕ್ಕೆ ನಮಸ್ಕರಿಸುವ ಸೇವಕ ಚನ್ನ. ಕೆಳಗೆ ಕೊಡೆಯಿಲ್ಲದೆ ವಾಪಸ್ ಬರುತ್ತಿರುವ ಕುದುರೆ. ಈ ತೋರಣಗಳಲ್ಲಿ ಬುದ್ಧನನ್ನು ಮನುಷ್ಯ ರೂಪದಲ್ಲಿ ಕೆತ್ತಿಲ್ಲ. ಬೋಧಿವೃಕ್ಷ, ಚಕ್ರ, ಖಾಲಿ ಪೀಠ ಕಂಡಲ್ಲೆಲ್ಲ ಅವನಿದ್ದಾನೆ ಅಂತಲೇ ಓದಿಕೊಳ್ಳಿ. ಕೆತ್ತನೆ ಮುಟ್ಟಬೇಡಿ.

ದಕ್ಷಿಣ ತೋರಣದ ಒಂದು ಕಂಬದ ಮೇಲೆ ‘ವೇದಿಸಕೇಹಿ ದಂತಕಾರೇಹಿ ರೂಪಕಂಮಂ ಕತಂ’ ಎಂದಿದೆ. ಹತ್ತಿರದ ವಿದಿಶೆ ಊರಿನ ದಂತದ ಕೆಲಸಗಾರರು ಮಾಡಿದ ಕೆತ್ತನೆ ಅಂತ. ಕಲ್ಲಿನಲ್ಲಿ ಅಷ್ಟು ನಾಜೂಕು ಎಲ್ಲಿಂದ ಬಂತು ಅಂತ ಗೊತ್ತಾಯ್ತಲ್ವಾ? ಅಲ್ಲೇ ಪಕ್ಕದಲ್ಲಿ ಅಶೋಕ ಸ್ತಂಭದ ಮೋಟು ಇದೆ, ಹೊಳಪು ಇನ್ನೂ ಹೋಗಿಲ್ಲ. ಅದರ ತಲೆಯ ಮೇಲಿದ್ದ ಸಿಂಹಗಳು ಮ್ಯೂಸಿಯಂನಲ್ಲಿವೆ, ಇಳಿದ ಮೇಲೆ ನೋಡಿ.

ಮೂರನೇ ಸ್ತೂಪ ಚಿಕ್ಕದು. 1851ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಅಗೆಸಿದಾಗ ಬುದ್ಧನ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರ ಅಸ್ಥಿ ಸಿಕ್ಕಿದ್ದು ಇಲ್ಲೇ. ಅವು ಇಂಗ್ಲೆಂಡಿಗೆ ಹೋಗಿ ವಾಪಸ್ ಬಂದು, 1952ರಿಂದ ಬೆಟ್ಟದ ಮೇಲಿನ ಹೊಸ ವಿಹಾರದಲ್ಲಿವೆ. ನವೆಂಬರ್ ಕೊನೆಯ ಉತ್ಸವದಲ್ಲಿ ದರ್ಶನಕ್ಕಿಡುತ್ತಾರೆ.

ಕೊನೆಗೆ ಪಶ್ಚಿಮದ ಇಳಿಜಾರಿನಲ್ಲಿ ಎರಡನೇ ಸ್ತೂಪಕ್ಕೆ ಇಳಿಯಿರಿ. ವಾಪಸ್ ಹತ್ತಬೇಕಲ್ಲ ಅಂತ ಬಿಡಬೇಡಿ. ಇಲ್ಲಿ ತೋರಣವಿಲ್ಲ, ಬೇಲಿಯ ತುಂಬ ತಾವರೆ, ಆನೆ, ಸಿಂಹ. ದಾನಿಗಳ ಹೆಸರುಗಳೂ ಇವೆ. ಅಷ್ಟರಲ್ಲಿ ‘ದಾನಂ’ ಯಾರೂ ತೋರಿಸದೆ ನಿಮ್ಮ ಕಣ್ಣಿಗೇ ಬೀಳುತ್ತದೆ.